ನಾಲ್ಕು ಬೆರಳಗಲದ ಅಲೆ

ಬಾಬುರಾಯನಕೊಪ್ಪಲಿನ ಅಂಗನವಾಡಿಯಲ್ಲಿ ಮಾಯಮ್ಮ ಮಕ್ಕಳಿಗೆ ಹಾಡು ಹೇಳಿಕೊಡಲು ಶುರು ಮಾಡಿದರೆ ಮೈಸೂರು ರಸ್ತೆಯ ಆಚೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುತ್ತಿದ್ದರು. ಅಷ್ಟು ಸಣ್ಣನೆಯ, ಚೂಪಾದ ದನಿ. ಹೊಣಕೆರೆಯ ತವರಿನಲ್ಲಿ ಚಿಕ್ಕಂದಿನಲ್ಲಿ ಅವಳಿಗೆ ಪೀಪಿ ಎಂದೇ ಅಡ್ಡಹೆಸರು. ದೊಡ್ಡವಳಾದ ಮೇಲೆ ದನಿ ದಪ್ಪಗಾಗುತ್ತದೆ ಎಂದು ಅಜ್ಜಿ ಸಮಾಧಾನ ಹೇಳುತ್ತಿದ್ದರು; ಆಗಲಿಲ್ಲ. ಅಂಗನವಾಡಿ ಕೆಲಸ ಸಿಕ್ಕ ಮೇಲೆ ಅದೇ ದನಿ ಅನುಕೂಲಕ್ಕೆ ಬಂತು. ಬೀದಿಯ ಕೊನೆಯಲ್ಲಿ ಮಣ್ಣಾಡುತ್ತಿದ್ದ ಮಗು ಕೂಡ ಅವಳು ಒಂದು ಸಲ ಕರೆದರೆ ಎದ್ದು ಬರುತ್ತಿತ್ತು. ಆ ದನಿಗೆ ಓಗೊಡದವನು ಊರಿಗೆಲ್ಲ ಒಬ್ಬನೇ: ಅವಳ ಗಂಡ ಚಲುವರಾಜು.

ಮೊದಲು ಹೀಗಿರಲಿಲ್ಲ. ಮದುವೆಯ ಹೊಸದರಲ್ಲಿ ಅವನು ಬೇರೆಯವರ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಿದ್ದ. ಸಂಜೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅವಳು ಮುದ್ದೆ ತಿರುವುವಾಗ, ಇವತ್ತು ಯಾವ ಮಗು ಏನು ಮಾಡಿತು ಎಂದು ಕೇಳುತ್ತಿದ್ದ. ಅವಳು ಮಕ್ಕಳ ತೊದಲನ್ನು ಅನುಕರಿಸಿ ತೋರಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತೊಂಬತ್ತರ ದಶಕದ ಶುರುವಿನಲ್ಲಿ ಪಾಂಡವಪುರದ ಆಚೆ ಒಂದು ಜಲ್ಲಿ ಕ್ರಷರ್‌ಗೆ ಸೇರಿದ. ಬಂಡೆಗಲ್ಲನ್ನು ಯಂತ್ರದ ಬಾಯಿಗೆ ಹಾಕುವ ಕಡೆಯೇ ಅವನ ಕೆಲಸ. ಧೂಳಿಗೆ ಮೂಗು ಬಾಯಿಗೆಲ್ಲ ಟವೆಲ್ ಸುತ್ತಿಕೊಳ್ಳುತ್ತಿದ್ದ. ಕಿವಿಗೆ ಏನೂ ಇರಲಿಲ್ಲ. ಕಿವಿಗೂ ಏನಾದರೂ ಬೇಕು ಎಂದು ಅಲ್ಲಿ ಯಾರಿಗೂ ತೋಚಿರಲಿಲ್ಲ.

ವರ್ಷಗಳು ಕಳೆದ ಹಾಗೆ ಚಲುವರಾಜು ಬದಲಾದ. ಸೀಗೆಕಾಯಿ ತನ್ನಿ ಎಂದರೆ ಹೀರೇಕಾಯಿ ತಂದ. ಅವಳು ಒಳಗಿನಿಂದ ಕರೆದರೆ ಜಗುಲಿಯ ಮೇಲೆ ಕಲ್ಲಿನಂತೆ ಕೂತಿರುತ್ತಿದ್ದ. ಕರೆದು ಕರೆದು ಸಾಕಾಗಿ ಅವಳೇ ಎದ್ದು ಬಂದು ಎದುರು ನಿಂತರೆ, "ಏನಮ್ಮಿ?" ಎಂದು ಏನೂ ಆಗದವನ ಹಾಗೆ ಕೇಳುತ್ತಿದ್ದ. ಅದೇ ಗಂಡಸರು ಬಂದು ಜಗುಲಿಯಲ್ಲಿ ಕೂತರೆ ಕಬ್ಬಿನ ಮಾತು, ನಾಲೆ ನೀರಿನ ಮಾತು, ಎಲ್ಲಕ್ಕೂ ಸರಿಯಾಗಿ ಉತ್ತರ ಕೊಡುತ್ತಿದ್ದ. ಮಾಯಮ್ಮನಿಗೆ ಇದೇ ಚುಚ್ಚುತ್ತಿತ್ತು. ಪರರ ಮಾತು ಬೇಕು, ಮನೆಯವಳ ಮಾತು ಬೇಡ.

ಮಗಳು ತನುಶ್ರೀ ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆದ್ದಳು. ಬಾಗಿಲಿಂದಲೇ ಕೂಗಿಕೊಂಡು ಓಡಿಬಂದಳು. ಅಪ್ಪ ಬೆನ್ನು ಮಾಡಿ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ತಿರುಗಲೂ ಇಲ್ಲ. ಹುಡುಗಿ ಸ್ವಲ್ಪ ಹೊತ್ತು ನಿಂತು ನೋಡಿ ಒಳಗೆ ಹೋದಳು. ಆಮೇಲೆ ಶಾಲೆಯ ವಿಷಯವನ್ನು ಅಪ್ಪನ ಹತ್ತಿರ ಹೇಳುವುದನ್ನೇ ಬಿಟ್ಟಳು. ಮೂವರೂ ಇರುವ ಮನೆಯಲ್ಲಿ ಇಬ್ಬರೇ ಮಾತಾಡುವ ಹಾಗಾಯಿತು.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ೧೯೯೭ರ ಗೌರಿ ಹಬ್ಬಕ್ಕೆ ಮುಂಚೆ ನಾಲೆಯ ಹತ್ತಿರ ಒಂದು ಸಂಗತಿ ನಡೆಯಿತು. ಮನೆಯ ಕಂಬಳಿ, ಜಮಖಾನಗಳನ್ನೆಲ್ಲ ಒಗೆಯಬೇಕಿತ್ತು. ಒದ್ದೆಯಾದರೆ ಹೊರಲಾಗದ ಭಾರ ಎಂದು ಚಲುವರಾಜುವೂ ಜೊತೆಗೆ ಬಂದಿದ್ದ. ಅವನು ಏರಿಯ ಮೇಲೆ ನಿಂತು ಎಮ್ಮೆ ಮೇಯಿಸುತ್ತಿದ್ದವನೊಂದಿಗೆ ಮಾತಾಡುತ್ತಿದ್ದ. ಕೆಳಗೆ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಮಾಯಮ್ಮನ ಕಾಲು ಜಾರಿತು. ಎದೆಮಟ್ಟದ ನೀರು, ತುಂಬಿದ ಸೆಳವು. ಒಂದು ಕೈಯಲ್ಲಿ ಒಗೆಯುವ ಕಲ್ಲನ್ನು ತಬ್ಬಿಕೊಂಡು, "ತನು ಅಪ್ಪಾ, ಇಡ್ಕಳಿ! ಇಡ್ಕಳಿ!" ಎಂದು ಚೀರಿದಳು. ಅವನು ತಿರುಗಲಿಲ್ಲ. ಕೆಳಗಿನ ಕಲ್ಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ಪಕ್ಕದ ಮನೆಯ ಸಿದ್ದಲಿಂಗಮ್ಮ ಓಡಿಬಂದು ತೋಳು ಹಿಡಿದು ಎಳೆದಳು. ಎಮ್ಮೆಯವನು ಕೈ ತೋರಿಸಿದ ಮೇಲೆ ಚಲುವರಾಜು ಇಳಿದುಬಂದ.

"ಏನಾಯ್ತಮ್ಮಿ? ಇಂಗೆ ನೆಂದ್ಬುಟ್ಟಿದ್ದೀಯಲ್ಲ?"

ಮಾಯಮ್ಮ ಸೆರಗು ಹಿಂಡಿಕೊಂಡು ಮೆಟ್ಟಿಲು ಹತ್ತಿದಳು. ನೀರಿಗೆ ಬಿದ್ದದ್ದಕ್ಕಿಂತ ಆ ಪ್ರಶ್ನೆ ಅವಳನ್ನು ನಡುಗಿಸಿತ್ತು. ಮಾರನೆಯ ದಿನ ಬೆಳಿಗ್ಗೆ, ಅಪ್ಪನನ್ನು ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಮಗಳನ್ನು ಕರೆದುಕೊಂಡು ಹೊರಟಳು. ಪಾಂಡವಪುರದಲ್ಲಿ ಬಸ್ಸು ಬದಲಿಸಿ, ನಾಗಮಂಗಲದ ಕಡೆಯ ಬಸ್ಸಿನ ಕಿಟಕಿಯ ಪಕ್ಕ ಕೂತಳು.

ಹೊಣಕೆರೆಯಲ್ಲಿ ಅವಳ ಅಪ್ಪ ದ್ಯಾವಯ್ಯ ಹೆಚ್ಚು ಕೇಳಲಿಲ್ಲ. ಮಗಳ ಮುಖ ನೋಡಿ, "ಇರವ್ವ, ಹಬ್ಬ ಮುಗಿಸ್ಕಂಡೇ ಓಗು" ಎಂದರು. ಕೇಳಿದವನು ತಮ್ಮ ದಿಲೀಪ್. ಕೆ.ಆರ್. ಪೇಟೆಯಲ್ಲಿ ವಿಮೆ ಏಜೆಂಟನಾಗಿದ್ದ ಅವನು ಭಾನುವಾರ ಬೈಕಿನಲ್ಲಿ ಬಂದ. ಅಕ್ಕನೆಂದರೆ ಅವನಿಗೆ ಪ್ರಾಣ. ಕಂಪನಿಯ ತರಬೇತಿಗಳಲ್ಲಿ ಕಲಿತ ಮಾತುಗಳು ಅವನ ಬಾಯಲ್ಲಿ ಯಾವಾಗಲೂ ತಯಾರಿರುತ್ತಿದ್ದವು. ನಾಲೆಯ ಕಥೆಯನ್ನು ಪೂರ್ತಿ ಕೇಳಿ ಹೇಳಿದ:

"ಭಾವ ಕೆಟ್ಟೋರು ಅಂತ ನಾನ್ ಯೋಳಲ್ಲ ಕಣಕ್ಕ. ಕುಡಿಯಲ್ಲ, ಒಡೆಯಲ್ಲ. ಆದ್ರೆ ನಿಮ್ಮಿಬ್ರ ವೇವ್‌ಲೆಂತು ಬೇರೆ ಬೇರೆ. ಅದು ಕೂಡಲ್ಲ."

"ಅಂಗಂದ್ರೇನ್ಲಾ?"

"ರೇಡಿಯೋ ಇಲ್ವಾ? ಮುಳ್ಳು ಸರಿಯಾದ ಜಾಗಕ್ಕೆ ಬಂದ್ರೆ ಮಾತು ಕೇಳ್ತದೆ. ಒಸಿ ಆಚೀಚೆ ಆದ್ರೆ ಬರೀ ಗೊರಗೊರ. ನೀನು ಆಕಾಶವಾಣಿ ಮೈಸೂರು, ಭಾವನ ಮುಳ್ಳು ಇನ್ನೆಲ್ಲೋ ನಿಂತದೆ. ಯಾರ್ದೂ ತಪ್ಪಲ್ಲ. ನಿಂಗಿಷ್ಟ ಇದ್ರೆ ಇಲ್ಲೇ ಇದ್ಬುಡು. ಅಂಗನವಾಡಿ ಕೆಲ್ಸಾನೂ ಈ ಕಡೆಗೇ ಆಗ್ತದಾ ಅಂತ ನಾನು ಇಚಾರಿಸ್ತೀನಿ. ಭಾವ ಬಂದಾಗ ಕೂರಿಸ್ಕಂಡು ಮಾತಾಡಾನ."

ಆ ಮಾತು ಮಾಯಮ್ಮನ ತಲೆಯಲ್ಲಿ ಉಳಿಯಿತು. ಬೈದಂತಲ್ಲ, ಶಾಪವೂ ಅಲ್ಲ. ಒಂದು ಕಾಯಿಲೆಗೆ ಹೆಸರು ಹೇಳಿದ ಹಾಗೆ. ಸಂಜೆ ಸೊಪ್ಪು ಬಿಡಿಸುವಾಗ ಮಗಳನ್ನು ಕೇಳಿದಳು, "ವೇವ್‌ಲೆಂತು ಅಂದ್ರೆ ನಿಂಗೊತ್ತಾ ತನು?"

ತನುಶ್ರೀಗೆ ಗೊತ್ತಿತ್ತು. ವಿಜ್ಞಾನದ ಪಾಠದಲ್ಲಿ ಬಂದಿತ್ತು. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಅಲ್ಲಾಡಿಸಿದಳು. ಹಗ್ಗದಲ್ಲಿ ಉಬ್ಬು ತಗ್ಗು ಓಡಿದವು. "ನೋಡವ್ವ, ಈ ಉಬ್ಬಿಂದ ಮುಂದಿನ ಉಬ್ಬಿಗೆ ಎಷ್ಟು ಅಂತರ ಅದೆ, ಅದೇ ವೇವ್‌ಲೆಂತು. ನಿಧಾನ ಆಡಿಸಿದ್ರೆ ಉದ್ದುದ್ದ ಅಲೆ. ಜೋರಾಗಿ ಆಡಿಸಿದ್ರೆ ಗಿಡ್ಡ ಅಲೆ, ಒತ್ತೊತ್ತಾಗಿ ಬರ್ತವೆ. ಕನ್ನಡದಲ್ಲಿ ತರಂಗದೂರ ಅಂತಾರೆ."

"ದೂರ ಅಂತ ಅದ್ರಲ್ಲೇ ಬರ್ತದಾ?"

"ಊಂ. ತರಂಗದೂರ."

"ಅಂಗಾರೆ ನಿನ್ ಮಾವ ಯೋಳಿದ್ದು ಸರಿ ಬುಡು" ಎಂದು ಮಾಯಮ್ಮ ಸೊಪ್ಪಿನ ಕಡೆಗೆ ತಲೆ ತಗ್ಗಿಸಿದಳು.

ಹಬ್ಬ ಕಳೆದ ಮೇಲೆ ಚಲುವರಾಜು ಬಂದ. ಚೀಲದಲ್ಲಿ ಬಾಳೆಹಣ್ಣು, ಮಗಳಿಗೆ ಬಳೆ, ಮೈಮೇಲೆ ಹೊಸ ಅಂಗಿ, ಮುಖದಲ್ಲಿ ಗಾಬರಿ. ಹೆಂಡತಿ ಯಾಕೆ ಇಷ್ಟು ದಿನ ಉಳಿದಳೆಂದು ಅವನಿಗೆ ಅರ್ಥವಾಗಿರಲಿಲ್ಲ. ದಿಲೀಪ್ ಕೂಡ ಮಾತು ತಯಾರಿ ಮಾಡಿಕೊಂಡು ಬಂದಿದ್ದ. ಹೊತ್ತು ಮುಳುಗುವಾಗ ಎಲ್ಲರೂ ಜಗುಲಿಯ ಮೇಲೆ ಕೂತರು. ಮಾಯಮ್ಮ ಬಾಗಿಲಿಗೊರಗಿ ನಿಂತಳು. ಕಾಫಿ ಲೋಟಗಳು ಬಂದವು. ದಿಲೀಪ್ ಗಂಟಲು ಸರಿಮಾಡಿಕೊಂಡ.

ಆಗ ಮಳೆ ಬಿಟ್ಟು ಎರಡು ದಿನವಾಗಿತ್ತು. ಮನೆ ಹಿಂದಿನ ಬೇಲಿಯಿಂದ ಹಿಡಿದು ಕೆರೆಯ ಅಂಚಿನವರೆಗೂ ಜೀರುಂಡೆಗಳು ಹುಚ್ಚೆದ್ದು ಕೂಗುತ್ತಿದ್ದವು. ಕಿವಿಗೆ ಮೊಳೆ ಹೊಡೆದ ಹಾಗೆ ಒಂದೇ ಸಮ. ಮಾತು ಕೇಳಲೆಂದು ದ್ಯಾವಯ್ಯ ಅಳಿಯನ ಕಡೆಗೆ ಸರಿದು ಕೂತರು. ಏನು ಮಾತಾಡುವುದೆಂದು ತಿಳಿಯದೆ ಚಲುವರಾಜುವೇ ಮೊದಲು ಬಾಯಿ ತೆರೆದ.

"ನಿಮ್ಮೂರು ಎಷ್ಟು ಗಪ್‌ಚಿಪ್ ಆಗದೆ ಮಾವ. ಮೊದ್ಲು ಬಂದಾಗ ಜೀರುಂಡೆ ಕಾಟಕ್ಕೆ ನಿದ್ದೆನೇ ಬತ್ತಿರ್ನಿಲ್ಲ. ಈಗ ಒಂದೂ ಇಲ್ವಲ್ಲ? ಎಣ್ಣೆ ಗಿಣ್ಣೆ ಒಡೆದು ಎಲ್ಲಾ ಸಾಯಿಸ್ಬುಟ್ರಾ?"

ದಿಲೀಪ್ ನಕ್ಕ, ತಮಾಷೆಯೆಂದುಕೊಂಡು. ದ್ಯಾವಯ್ಯ ನಗಲಿಲ್ಲ. ಚಲುವರಾಜು ನಿಜವಾಗಿಯೂ ಕತ್ತಲಾಗುತ್ತಿದ್ದ ಬೇಲಿಯ ಕಡೆ ನೋಡುತ್ತಿದ್ದ, ಒಂದು ಉತ್ತರಕ್ಕೆ ಕಾಯುವವನ ಹಾಗೆ.

ಮಾಯಮ್ಮ ಬಾಗಿಲು ಬಿಟ್ಟು ಮೆಲ್ಲಗೆ ಗಂಡನ ಬೆನ್ನ ಹಿಂದೆ ಬಂದಳು. ಎಲ್ಲರಿಗೂ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಎರಡೂ ಕೈಯ ಗಾಜಿನ ಬಳೆಗಳನ್ನು ಅವನ ಕಿವಿಯ ಹಿಂದೆ ಗಲಗಲ ಅಲ್ಲಾಡಿಸಿದಳು. ಅವನು ಕಾಫಿ ಕುಡಿಯುತ್ತಲೇ ಇದ್ದ. ಬಲಗಿವಿಯಿಂದ ಎಡಗಿವಿಗೆ ಹೋಗಿ ಮತ್ತೆ ಆಡಿಸಿದಳು. ಒಂದು ಬಳೆ ಒಡೆದು ಅವನ ಬೆನ್ನ ಹಿಂದೆ ಬಿತ್ತು. ಅದೂ ಅವನಿಗೆ ತಿಳಿಯಲಿಲ್ಲ.

"ಅಳಿಮಯ್ಯ" ಎಂದರು ದ್ಯಾವಯ್ಯ, ತಮ್ಮ ಗಡಸು ದನಿಯಲ್ಲಿ.

"ಏನ್ ಮಾವ?" ಎಂದು ಅವನು ಕೂಡಲೇ ತಿರುಗಿದ.

ಮಾಯಮ್ಮ ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಯಾರಿಗೂ ಗೊತ್ತಾಗಲಿಲ್ಲ. ಗಂಡನ ಮುಂದೆ ಬಂದು, ಅವನ ಮುಖ ತನ್ನ ಕಡೆಗೆ ತಿರುಗಿಸಿಕೊಂಡು ಕೇಳಿದಳು, "ನಾಲೇಲಿ ನಾನು ಕಿರುಚಿದ್ದು ನಿಮಗೆ ಕೇಳಿಸ್ನಿಲ್ವಾ? ಆಣೆ ಮಾಡಿ ಯೋಳಿ."

"ಯಾವಾಗ ಕಿರುಚಿದೆ?" ಎಂದ ಚಲುವರಾಜು. "ನೀನು ಕಿರುಚ್ನೇ ಇಲ್ವಲ್ಲ ಮಾಯಿ?"

ದಿಲೀಪ್ ತಯಾರಿಸಿಕೊಂಡು ಬಂದಿದ್ದ ಮಾತು ಅವನ ಬಾಯಲ್ಲೇ ಉಳಿಯಿತು.

ಮೈಸೂರಿನ ಆಸ್ಪತ್ರೆಗೆ ಹೋಗಲು ಚಲುವರಾಜು ಸುಲಭಕ್ಕೆ ಒಪ್ಪಲಿಲ್ಲ. "ಕಿವುಡ ಅಂತ ಎಸ್ರಾಗ್ಬುಡ್ತದೆ. ನಂಗೆ ಲಾರಿ ಸದ್ದು ಕೇಳ್ತದೆ, ರೈಲು ಕೇಳ್ತದೆ, ಮಾವನ ಮಾತು ಕೇಳ್ತದೆ. ಎಂಥ ಕಿವುಡು?" ಎಂದು ವಾದಿಸಿದ. ಮಾಯಮ್ಮ ವಾದ ಮಾಡಲಿಲ್ಲ, ಅವನ ಮುಖದ ಎದುರಿಗೆ ಬಂದು ನಿಂತಳು. "ನೀವು ಬರ್ನಿಲ್ಲ ಅಂದ್ರೆ ನಾನು ಕೊಪ್ಪಲಿಗೆ ಬರಲ್ಲ" ಎಂದಳು. ಅದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಕಿವಿ ಪರೀಕ್ಷೆ ಮಾಡಿದವಳು ಆತಿಯಾ ಎಂಬ ಹುಡುಗಿ. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಶ್ರೀರಂಗಪಟ್ಟಣದವಳೇ, ಬಾಬುರಾಯನಕೊಪ್ಪಲು ಎಂದ ಕೂಡಲೇ ಮುಖ ಅರಳಿತು. ಚಲುವರಾಜುವನ್ನು ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಬೇಕೆಂದು ಹೇಳಿದಳು. ತಾನು ಹೊರಗೆ ಯಂತ್ರದ ಮುಂದೆ ಕೂತಳು. ಪಕ್ಕದಲ್ಲಿ ಮಾಯಮ್ಮ.

ಗುಂಡಿ ಒತ್ತಿದಾಗ ಯಂತ್ರದಲ್ಲಿ ಒಂದು ಸಣ್ಣ ದೀಪ ಹತ್ತುತ್ತಿತ್ತು. ದೀಪ ಹತ್ತಿತು, ಒಳಗೆ ಬೆರಳು ಎದ್ದಿತು. ಮತ್ತೆ ಹತ್ತಿತು, ಮತ್ತೆ ಎದ್ದಿತು. ಚಲುವರಾಜು ಗಾಜಿನ ಆಚೆಯಿಂದ ಹೆಂಡತಿಯ ಕಡೆ ನೋಡಿ, ಕಂಡೆಯಾ ಎಂಬಂತೆ ನಕ್ಕ. ಆತಿಯಾ ಒಂದು ತಿರುಗಣೆಯನ್ನು ಸ್ವಲ್ಪ ತಿರುಗಿಸಿದಳು. ದೀಪ ಹತ್ತಿತು. ಬೆರಳು ಏಳಲಿಲ್ಲ. ಇನ್ನೂ ಜೋರು ಮಾಡಿದಳು. ದೀಪ ಹತ್ತಿತು, ಆರಿತು, ಹತ್ತಿತು. ಚಲುವರಾಜು ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆ ಮುಗಿಯಿತೇನೋ ಎಂದು ಗೋಡೆ ನೋಡುತ್ತಾ ಕೂತಿದ್ದ. ಆ ಏಳದ ಬೆರಳನ್ನು ನೋಡುತ್ತಾ ಮಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಷ್ಟೋ ವರ್ಷಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು. ಗಂಡನಿಗೆ ಕಿವಿ ಹೋಗಿದೆ ಎಂದು ತಿಳಿದಾಗ ಸಮಾಧಾನಪಡುವ ಹೆಂಡತಿ ತಾನೊಬ್ಬಳೇ ಇರಬೇಕು ಎಂದು ಅನಿಸಿ ನಾಚಿಕೆಯೂ ಆಯಿತು.

"ಯಾಕಮ್ಮಾ ಅಳ್ತೀರಾ?" ಆತಿಯಾ ಗಾಬರಿಯಾದಳು.

"ಅಳ್ತಾ ಇಲ್ಲ ಕಣವ್ವ. ನೀನು ಯೋಳು."

ಆತಿಯಾ ಇಬ್ಬರನ್ನೂ ಎದುರು ಕೂರಿಸಿಕೊಂಡು ವಿವರಿಸಿದಳು. ಸದ್ದೆಂದರೆ ಗಾಳಿಯಲ್ಲಿ ಓಡುವ ಅಲೆ. ಲಾರಿ ಎಂಜಿನ್ನಿನ ದಪ್ಪ ಸದ್ದಿಗೆ ಎರಡು ಆಳುದ್ದದ ಅಲೆ ಇರುತ್ತದೆ. ಗಂಡಸರ ದನಿಯ ಅಲೆಯೂ ಉದ್ದವೇ. ಸದ್ದು ಸಣ್ಣದಾದಂತೆ, ಚೂಪಾದಂತೆ ಅಲೆ ಗಿಡ್ಡವಾಗುತ್ತದೆ. ಆತಿಯಾ ತನ್ನ ಕೈಯ ನಾಲ್ಕು ಬೆರಳನ್ನು ಜೋಡಿಸಿ ತೋರಿಸಿದಳು. "ಜೀರುಂಡೆ ಕೂಗಿನ ಅಲೆ ಇಷ್ಟೇ. ಬಳೆ ಸದ್ದು ಇನ್ನೂ ಗಿಡ್ಡ. ನಾವು ಸ, ಶ, ಚ ಅಂತೀವಲ್ಲ, ಆ ಸದ್ದುಗಳೂ ಇಂಥವೇ. ಕ್ರಷರ್ ಗದ್ದಲದಲ್ಲಿ ವರ್ಷಗಟ್ಟಲೆ ನಿಂತವರಿಗೆ ಮೊದಲು ಹೋಗೋದು ಇಂಥ ಗಿಡ್ಡ ಅಲೆಯನ್ನ ಹಿಡಿಯೋ ಶಕ್ತಿ. ಉದ್ದ ಅಲೆ ಕೇಳ್ತಾ ಇರೋದರಿಂದ ಅವರಿಗೇ ಗೊತ್ತಾಗಲ್ಲ. ಬೇರೆಯವರು ಗೊಣಗ್ತಾರೆ ಅಂದ್ಕೋತಾರೆ. ನಿಮ್ಮ ದನಿ ಬಹಳ ಸಣ್ಣದು ಅಮ್ಮಾ. ನಾಲೆಯಲ್ಲಿ ನೀರಿನ ಸದ್ದು ಬೇರೆ ಇರುತ್ತೆ. ಅವರಿಗೆ ಮುಟ್ಟಿರಲ್ಲ."

ಮಾಯಮ್ಮ ಕೇಳಿದಳು, "ನನ್ ತಮ್ಮ ಅಂದಿದ್ದ, ನಮ್ಮಿಬ್ರ ವೇವ್‌ಲೆಂತು ಕೂಡಲ್ಲ ಅಂತ. ಅದೇನಾ ಇದು?"

ಆತಿಯಾ ನಕ್ಕುಬಿಟ್ಟಳು. "ಅಯ್ಯೋ ಅಲ್ಲಮ್ಮಾ. ಅದು ಮನಸ್ಸು ಹೊಂದದೆ ಇರೋದಕ್ಕೆ ಜನ ಆಡೋ ಮಾತು. ಅದನ್ನ ಅಳೆಯೋ ಯಂತ್ರ ನಮ್ಮ ಹತ್ರ ಇಲ್ಲ. ಇದು ನಿಜವಾದ ಅಳತೆ. ಇವರ ಕಿವಿ ಗಿಡ್ಡ ಅಲೆ ಹಿಡಿಯಲ್ಲ, ಅಷ್ಟೇ. ಮನಸ್ಸಿನ ಸುದ್ದಿ ನೀವೇ ಅವರನ್ನ ಕೇಳಬೇಕು. ಎದುರಿಗೆ ನಿಂತು ಕೇಳಿ, ದನಿ ತಗ್ಗಿಸಿ, ನಿಧಾನವಾಗಿ."

ಹೋದ ಕಿವಿ ವಾಪಸು ಬರುವುದಿಲ್ಲ ಎಂದೂ ಆತಿಯಾ ಮುಚ್ಚಿಡದೆ ಹೇಳಿದಳು. ಯಂತ್ರ ಸ್ವಲ್ಪ ಸಹಾಯ ಮಾಡುತ್ತದೆ. ಕ್ರಷರ್ ಕೆಲಸ ಬಿಟ್ಟರೆ ಉಳಿದದ್ದಾದರೂ ಉಳಿಯುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಚಲುವರಾಜು ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. ನಗುವನಹಳ್ಳಿ ಹತ್ತಿರ ಬಂದಾಗ ಹೆಂಡತಿಯ ಕಡೆ ತಿರುಗಿದ.

"ನಾನು ಏನನ್ಕಂಡಿದ್ದೆ ಗೊತ್ತಾ ಮಾಯಿ? ನೀನೇ ಮಾತು ಬುಟ್ಬುಟ್ಟೆ ಅನ್ಕಂಡಿದ್ದೆ. ನೀನು, ತನು, ಇಬ್ರೂ ಒಳಗೊಳಗೇ ಪಿಸುಪಿಸು ಅಂತಿದ್ರಿ. ಕ್ರಷರ್ ಧೂಳಲ್ಲಿ ಬರೋ ಅಪ್ಪ, ಇವನ ಕುಟೆ ಏನು ಮಾತು ಅಂತ ನಿಮ್ಗೆ ಅನ್ಸಿರ್ಬೇಕು ಅಂತ ಸುಮ್ನಾಗ್ಬುಟ್ಟೆ."

ಮಾಯಮ್ಮ ಅವನ ಮುಖದ ಎದುರಿಗೆ ಬಾಗಿ, ದನಿಯನ್ನು ಸಾಧ್ಯವಾದಷ್ಟು ದಪ್ಪ ಮಾಡಿ, "ನಾವು ಕಿರುಚ್ತಾ ಇದ್ವಿ ಕಣ್ರಿ" ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ಚಲುವರಾಜು ಜೋರಾಗಿ ನಕ್ಕ. ಒಲೆಯ ಮುಂದೆ ಕೂತು ನಗುತ್ತಿದ್ದ ಕಾಲದ ನಗು ಅದು. ಅವನಲ್ಲಿ ಇನ್ನೂ ಉಳಿದಿದೆಯೆಂದು ಅವಳು ಅಂದುಕೊಂಡಿರಲಿಲ್ಲ.

ಆಮೇಲೆ ಎಲ್ಲ ಒಂದೇ ಏಟಿಗೆ ಸರಿಹೋಯಿತೆಂದಲ್ಲ. ಅಂಗಿಯ ಜೇಬಿನಲ್ಲಿಡುವ ಪೆಟ್ಟಿಗೆ, ಅದರಿಂದ ಕಿವಿಗೆ ವೈರು, ಅಂಥ ಯಂತ್ರ ಬಂತು. ಪಾತ್ರೆ ಬಿದ್ದರೆ ತಲೆಯೊಳಗೆ ಸಿಡಿಲು ಹೊಡೆದ ಹಾಗಾಗುತ್ತದೆ ಎಂದು ಚಲುವರಾಜು ಅದನ್ನು ಕಿತ್ತಿಟ್ಟ, ಮತ್ತೆ ಹಾಕಿಕೊಂಡ. ಕ್ರಷರ್ ಬಿಟ್ಟು ಊರ ಹತ್ತಿರದ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವ ಕೆಲಸಕ್ಕೆ ಸೇರಿದ. ಪಾಕ ನೋಡುವುದು ಕಣ್ಣಿನ ಕೆಲಸ. ಗಾಣದ ಎಂಜಿನ್ ಆಚೆ ಕೊನೆಯಲ್ಲಿತ್ತು. ತನುಶ್ರೀ ಹಳೆಯ ಬಹುಮಾನದ ಭಾಷಣವನ್ನು ಅಪ್ಪನ ಎದುರು ನಿಂತು ಮತ್ತೊಮ್ಮೆ ಪೂರ್ತಿ ಮಾಡಿದಳು. ಅವನು ಅವಳ ತುಟಿಯಿಂದ ಕಣ್ಣು ತೆಗೆಯದೆ ಕೇಳಿ, "ಇದ್ನ ಯಾಕೆ ಆವತ್ತೇ ಯೋಳ್ನಿಲ್ಲ?" ಎಂದ. ಹೇಳಿದ್ದೆ ಎನ್ನಲು ಹೋಗಿ ಹುಡುಗಿ ಸುಮ್ಮನಾಗಿ ಅವನ ಪಕ್ಕ ಕೂತಳು.

ದಿಲೀಪ್ ಬಂದಾಗ ಒಂದಷ್ಟು ದಿನ ಭಾವನ ಮುಖ ನೋಡಲು ಮುಜುಗರಪಟ್ಟ. "ಏನೇನೋ ಮಾತಾಡ್ಬುಟ್ಟೆ ಕಣಕ್ಕ" ಎಂದ. "ನೀನಂದಿದ್ದಕ್ಕೇ ನಾನು ಆ ಡಾಕ್ಟ್ರಮ್ಮನ್ನ ಕೇಳಿ ತಿಳ್ಕಂಡಿದ್ದು, ಬುಡ್ಲಾ" ಎಂದಳು ಮಾಯಮ್ಮ.

ಮುಂದಿನ ವರ್ಷ ಸಂಕ್ರಾಂತಿಯ ಹೊತ್ತಿಗೆ ಒಂದು ಬೆಳಿಗ್ಗೆ ಮಾಯಮ್ಮನ ಮನೆಯಿಂದ ದೊಡ್ಡ ಗಲಾಟೆ ಕೇಳಿ ಸಿದ್ದಲಿಂಗಮ್ಮ ಓಡಿಬಂದಳು. ಗಂಡ ಹೆಂಡತಿ ಎದುರಾಬದುರಾ ನಿಂತು ಜಗಳವಾಡುತ್ತಿದ್ದರು. ಮಾಯಮ್ಮನಿಗೆ ಎಮ್ಮೆ ಕೊಳ್ಳಬೇಕು, ಅವನಿಗೆ ಹಸು. ಅವಳು ಒಂದು ಅಂದರೆ ಅವನು ಎರಡು ಅನ್ನುತ್ತಿದ್ದ. ಅವಳ ಪ್ರತಿ ಮಾತಿಗೂ ಅವನ ಹತ್ತಿರ ಉತ್ತರ ಇತ್ತು.

"ಏನ್ರವ್ವಾ ಇದು, ಬೆಳಿಗ್ಗೆ ಬೆಳಿಗ್ಗೆ? ಬುಡಿಸ್ಬೇಕಾ?" ಎಂದಳು ಸಿದ್ದಲಿಂಗಮ್ಮ.

ಮಾಯಮ್ಮ ಬೆವರು ಒರೆಸಿಕೊಳ್ಳುತ್ತಾ ಅವಳ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು.

"ಬ್ಯಾಡಕ್ಕ, ಒಸಿ ಹೊತ್ತು ಬುಡು" ಎಂದಳು. "ಇನ್ನೂ ಮುಗ್ದಿಲ್ಲ."